ಪುಣ್ಯದ ಲೆಕ್ಕದಿಂದ ಊರೊಟ್ಟಿನ ಪೆಟ್ಟಿಗೆಗೆ

ಮನುಷ್ಯ ತನ್ನ ಸತ್ಕಾರ್ಯಗಳ ಬಲದಿಂದ ರಕ್ಷಣೆ ಗಳಿಸಿಕೊಳ್ಳಲಾರ, ದೇವರ ಕೃಪೆಯನ್ನು ನಂಬಿದವನಿಗೆ ಅದು ಉಚಿತವಾಗಿ ದೊರೆಯುತ್ತದೆ ಎಂಬ ಮಾತು ಕ್ರೈಸ್ತ ಧರ್ಮದಷ್ಟೇ ಹಳೆಯದು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅದಿದೆ. ಐದನೆಯ ಶತಮಾನದ ಆರಂಭದಲ್ಲಿ ಅಗಸ್ಟೀನ್ ಪೆಲಾಜಿಯಸ್‌ನೊಡನೆ ವಾದಕ್ಕಿಳಿದದ್ದು ಇದೇ ವಿಷಯಕ್ಕೆ. ಆದರೆ ಆ ಮಾತಿನಿಂದ ರಾಜ್ಯಗಳು ಅಲುಗಾಡಿ, ಚರ್ಚು ಇಬ್ಭಾಗವಾದದ್ದು 16ನೇ ಶತಮಾನದ ಜರ್ಮನಿಯಲ್ಲಿ. ಆಗಿನಿಂದ ಇಂದಿನವರೆಗೂ ಅದಕ್ಕೆ ಬೆನ್ನುಹತ್ತಿದ ಆಕ್ಷೇಪ ಒಂದೇ: ಪುಣ್ಯಕಾರ್ಯಕ್ಕೆ ಫಲವಿಲ್ಲವೆಂದ ಮೇಲೆ ಪುಣ್ಯಕಾರ್ಯ ಮಾಡುವವರು ಯಾರು? ಇದಕ್ಕೆ ದೇವಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಹುಡುಕುವುದು ವಾಡಿಕೆ. ನನಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಾಣುವುದು ಆ ಕಾಲದ ಊರುಗಳ ಹಣಕಾಸಿನ ವ್ಯವಸ್ಥೆಯಲ್ಲಿ. ಯಾರು ಕೊಟ್ಟರು, ಏಕೆ ಕೊಟ್ಟರು, ಕೊಟ್ಟದ್ದು ಯಾರ ಕೈ ಸೇರಿತು ಎಂದು ನೋಡಿದರೆ ತಿಳಿಯುವುದಿಷ್ಟು: ಈ ಬೋಧನೆ ಸತ್ಕಾರ್ಯವನ್ನು ರದ್ದು ಮಾಡಲಿಲ್ಲ. ಕೊಡುವವನ ಆತ್ಮದ ಖಾತೆಗೆ ಜಮೆಯಾಗುತ್ತಿದ್ದ ದಾನವನ್ನು ಅಲ್ಲಿಂದ ಬಿಡಿಸಿ, ಪಡೆಯುವವನ ಅಗತ್ಯಕ್ಕೆ ಕಟ್ಟಿತು. ಈ ಬದಲಾವಣೆ ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಮೊದಲು ಹಳೆಯ ವ್ಯವಸ್ಥೆಯನ್ನು ಅದರ ನ್ಯಾಯದಿಂದಲೇ ಅರಿಯಬೇಕು. ಪಾಪನಿವೇದನೆ ಮಾಡಿದವನಿಗೆ ಪಾದ್ರಿಯ ಮೂಲಕ ಅಪರಾಧದ ಕ್ಷಮೆ ಸಿಗುತ್ತದೆ. ಆದರೆ ಆ ಪಾಪಕ್ಕೆ ತಕ್ಕ ದಂಡ ಉಳಿದಿರುತ್ತದೆ. ಅದನ್ನು ಇಲ್ಲಿ ಉಪವಾಸ, ಪ್ರಾರ್ಥನೆ, ದಾನ, ಯಾತ್ರೆಗಳಿಂದ ತೀರಿಸಬೇಕು. ತೀರದೆ ಉಳಿದದ್ದನ್ನು ಸತ್ತ ಮೇಲೆ ಶುದ್ಧೀಕರಣದ ಬೆಂಕಿಯಲ್ಲಿ ತೀರಿಸಬೇಕು. ಕ್ರಿಸ್ತನೂ ಸಂತರೂ ಗಳಿಸಿಟ್ಟ ಪುಣ್ಯದ ಭಂಡಾರವೊಂದಿದೆ, ಅದರಿಂದ ತೆಗೆದು ಭಕ್ತರ ದಂಡವನ್ನು ಮನ್ನಾ ಮಾಡುವ ಅಧಿಕಾರ ಚರ್ಚಿಗಿದೆ ಎಂದು 1343ರಲ್ಲಿ ಪೋಪ್ ಆರನೆಯ ಕ್ಲೆಮೆಂಟ್ ವಿಧಿವತ್ತಾಗಿ ಸಾರಿದ. 1476ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್‌ಟಸ್ ಈ ಮನ್ನಾವನ್ನು ಸತ್ತವರಿಗೂ ವಿಸ್ತರಿಸಿದ. ಅಂದಿನಿಂದ ಮಗನೊಬ್ಬ ತೀರಿಹೋದ ತಾಯಿಗಾಗಿ ಈ ಮನ್ನಾದ ಬರಹವನ್ನು, ಅಂದರೆ ಕ್ಷಮಾಪತ್ರವನ್ನು, ಕೊಳ್ಳಬಹುದಾಯಿತು. ಇದರ ಹಿಂದೆ ಇದ್ದದ್ದು ಬರೀ ದುರಾಸೆ ಎನ್ನುವವರು ಆ ಮಗನ ಸಂಕಟವನ್ನು ಮರೆಯುತ್ತಾರೆ. ಬೇಡಿಕೆ ನಿಜವಾಗಿತ್ತು, ಅದನ್ನು ಪೂರೈಸಲು ತಂತ್ರಜ್ಞಾನವೂ ಒದಗಿಬಂತು. ಯೂರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಣಗೊಂಡು ಇಸವಿ ಸಮೇತ ಉಳಿದಿರುವ ಮೊದಲ ಕಾಗದಗಳು 1454ರ ಕ್ಷಮಾಪತ್ರಗಳು. ಮೈನ್ಸ್ ಊರಿನಲ್ಲಿ ಗುಟೆನ್‌ಬರ್ಗನ ಬೈಬಲ್ ಹೊರಬರುವ ಹೊತ್ತಿಗೆ ಈ ಪತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಒಕ್ಕಣೆಯೆಲ್ಲ ಮೊದಲೇ ಅಚ್ಚಾಗಿರುತ್ತಿತ್ತು. ಕೊಂಡವರ ಹೆಸರು, ಊರು, ತಾರೀಖು ತುಂಬಲು ಮಾತ್ರ ಖಾಲಿ ಜಾಗ ಬಿಟ್ಟಿರುತ್ತಿದ್ದರು.

ಆ ವ್ಯಾಪಾರದ ಕಟ್ಟಕಡೆಯ ದೊಡ್ಡ ಸುತ್ತು 1515ರ ಸುಮಾರಿಗೆ ಶುರುವಾಯಿತು. ಬ್ರಾಂಡೆನ್‌ಬರ್ಗ್ ಮನೆತನದ ಆಲ್ಬ್ರೆಕ್ಟ್ ಇಪ್ಪತ್ತಮೂರು ತುಂಬಿದ ವರ್ಷವೇ ಮಾಗ್ಡೆಬುರ್ಗಿನ ಆರ್ಚ್‌ಬಿಷಪ್ ಆಗಿದ್ದ. 1514ರಲ್ಲಿ ಮೈನ್ಸಿನ ಪೀಠವನ್ನೂ ಪಡೆದ. ವಯಸ್ಸು ಸಾಲದಿದ್ದರೂ, ಒಂದಕ್ಕಿಂತ ಹೆಚ್ಚು ಪೀಠ ಹಿಡಿಯಬಾರದೆಂಬ ನಿಯಮವಿದ್ದರೂ ರೋಮ್ ಒಪ್ಪಿತು. ಒಪ್ಪಿಗೆಗೆ ತೆರಬೇಕಾದ ಹಣವನ್ನು ಆಲ್ಬ್ರೆಕ್ಟ್ ಆಗ್ಸ್‌ಬುರ್ಗಿನ ಫುಗ್ಗರ್ ಲೇವಾದೇವಿ ಮನೆಯಿಂದ ಸಾಲ ಎತ್ತಿದ. ಆ ಸಾಲ ತೀರಿಸಲು ದಾರಿಯಾಗಿ ಅವನ ಪ್ರಾಂತಗಳಲ್ಲಿ ರೋಮಿನ ಸಂತ ಪೇತ್ರನ ಮಹಾದೇವಾಲಯದ ನಿರ್ಮಾಣದ ಹೆಸರಿನಲ್ಲಿ ಕ್ಷಮಾಪತ್ರ ಮಾರಲು ಪೋಪ್ ಹತ್ತನೆಯ ಲಿಯೋ ಅನುಮತಿ ಕೊಟ್ಟ. ಬಂದದ್ದರಲ್ಲಿ ಅರ್ಧ ರೋಮ್‌ಗೆ, ಅರ್ಧ ಫುಗ್ಗರ್‌ಗೆ. ಡೊಮಿನಿಕನ್ ಸನ್ಯಾಸಿ ಯೋಹಾನ್ ಟೆಟ್ಸೆಲ್ ಊರೂರು ಸುತ್ತುವಾಗ ಫುಗ್ಗರ್ ಮನೆಯ ಗುಮಾಸ್ತರೂ ಜತೆಗಿರುತ್ತಿದ್ದರು. ಮಾರಾಟಗಾರರಿಗೆ ಕೊಟ್ಟ ಸೂಚನೆಗಳಲ್ಲಿ ದರಗಳ ಪಟ್ಟಿಯೇ ಇತ್ತು: ರಾಜರಾಣಿಯರಿಗೂ ಬಿಷಪ್‌ಗಳಿಗೂ 25 ಗುಲ್ಡನ್ ನಾಣ್ಯ, ಅಲ್ಲಿಂದ ಅಂತಸ್ತಿಗೆ ತಕ್ಕಂತೆ ಇಳಿದು ಕಸುಬುದಾರರಿಗೆ ಒಂದು. ಏನೂ ಇಲ್ಲದ ಬಡವರು ಪ್ರಾರ್ಥನೆ ಉಪವಾಸಗಳಿಂದಲೇ ಪಡೆಯಬಹುದೆಂದೂ ಅದರಲ್ಲಿ ಸೇರಿತ್ತು. ಪಟ್ಟಿ ಮಾಡಿದವರಿಗೂ ಧರ್ಮದ ಅಳುಕು ಇತ್ತೆಂಬುದಕ್ಕೆ ಆ ಕೊನೆಯ ಸಾಲೇ ಸಾಕ್ಷಿ.

ಟೆಟ್ಸೆಲ್‌ನನ್ನು ಖಳನನ್ನಾಗಿಸಿ ಕಥೆ ಮುಗಿಸುವುದು ಸುಲಭ. ಆದರೆ ಕೃಪೆಯ ಆ ಹಳೆಯ ಮಾತನ್ನು ಜರ್ಮನಿಯಲ್ಲಿ ಮತ್ತೆ ಎತ್ತಿಹಿಡಿದ ಲೂಥರ್ ಪಾಠ ಹೇಳುತ್ತಿದ್ದ ವಿಟೆನ್‌ಬರ್ಗ್‌ಗೆ ಟೆಟ್ಸೆಲ್ ಕಾಲಿಟ್ಟಿರಲೇ ಇಲ್ಲ. ಸ್ಯಾಕ್ಸನಿಯ ದೊರೆ ಫ್ರೆಡರಿಕ್ ತನ್ನ ಗಡಿಯೊಳಗೆ ಆ ಮಾರಾಟಕ್ಕೆ ಅವಕಾಶ ಕೊಟ್ಟಿರಲಿಲ್ಲ. ಜನ ಗಡಿ ದಾಟಿ ಯೂಟರ್‌ಬೋಗ್‌ಗೆ ಹೋಗಿ ಕೊಂಡುತರುತ್ತಿದ್ದರು. ಫ್ರೆಡರಿಕ್‌ನ ನಿಷೇಧಕ್ಕೆ ಸ್ವಂತ ಕಾರಣಗಳಿದ್ದವು. ವಿಟೆನ್‌ಬರ್ಗಿನ ಕೋಟೆಯ ಚರ್ಚಿನಲ್ಲಿ ಅವನದೇ ಸಂಗ್ರಹವಿತ್ತು: ಸಂತರ ಎಲುಬು, ಹಲ್ಲು, ಬಟ್ಟೆಯ ಚೂರು. 1509ರಲ್ಲಿ ಚಿತ್ರಕಾರ ಕ್ರಾನಾಕ್‌ನ ಚಿತ್ರಗಳೊಂದಿಗೆ ಅದರ ಕ್ಯಾಟಲಾಗ್ ಅಚ್ಚಾಗುವಾಗ 5,000ದಷ್ಟಿದ್ದ ತುಣುಕುಗಳು 1520ರ ಹೊತ್ತಿಗೆ 19,000ದ ಆಸುಪಾಸಿಗೆ ಬೆಳೆದವು. ವಿಧಿಯಂತೆ ಅವನ್ನೆಲ್ಲ ದರ್ಶನ ಮಾಡಿ ಕಾಣಿಕೆ ಹಾಕಿದವನಿಗೆ ಸಿಗುವ ದಂಡಮನ್ನಾ 19 ಲಕ್ಷ ವರ್ಷ ಮೀರುತ್ತಿತ್ತು. ಅದೇ ಚರ್ಚಿನಲ್ಲಿ ಸತ್ತವರ ಹೆಸರಿನಲ್ಲಿ ವರ್ಷಕ್ಕೆ ಸುಮಾರು 9,000 ಪೂಜೆಗಳು ನಡೆಯುತ್ತಿದ್ದವು. ಆ ಚರ್ಚಿನ ಆದಾಯದಿಂದ ವಿಶ್ವವಿದ್ಯಾಲಯಕ್ಕೂ ಹಣ ಹರಿಯುತ್ತಿತ್ತು. ಅಂದರೆ ಲೂಥರ್‌ನ ಸಹೋದ್ಯೋಗಿಗಳಿಗೆ ಸಂಬಳ ಹುಟ್ಟುತ್ತಿದ್ದ ಮೂಲಗಳಲ್ಲಿ ಇದೂ ಒಂದು. ಅವನು ಪ್ರಶ್ನಿಸಿದ್ದು ದೂರದ ರೋಮನ್ನಷ್ಟೇ ಅಲ್ಲ, ತನ್ನೂರಿನ ಅನ್ನದ ಬುಡವನ್ನೂ.

ಈ ವ್ಯವಸ್ಥೆಯಲ್ಲಿ ಬಡವನಿಗೆ ಒಂದು ಸ್ಥಾನವಿತ್ತು. ಜರ್ಮನ್ ಪಟ್ಟಣಗಳಲ್ಲಿ ಸಿರಿವಂತರು ಮರಣಶಾಸನದಲ್ಲಿ ಹಣವಿಟ್ಟು ಬಡವರಿಗೆ ಆತ್ಮಸ್ನಾನ ಏರ್ಪಡಿಸುತ್ತಿದ್ದರು: ಊರಿನ ಸ್ನಾನಗೃಹದಲ್ಲಿ ಉಚಿತವಾಗಿ ಮೈ ತೊಳೆಸಿಕೊಂಡ ಬಡವ, ಕೆಲವೆಡೆ ರೊಟ್ಟಿಯನ್ನೋ ಬಿಯರನ್ನೋ ಪಡೆದು, ಕೊಟ್ಟವನ ಆತ್ಮಕ್ಕಾಗಿ ಪ್ರಾರ್ಥಿಸಬೇಕು. ಕಸುಬುದಾರರ ಭ್ರಾತೃಸಂಘಗಳು ಸದಸ್ಯರ ಚಂದಾದಿಂದ ಮೇಣದಬತ್ತಿ, ಪೂಜೆ, ಔತಣಗಳನ್ನು ನಡೆಸುತ್ತಿದ್ದವು, ಉಳಿದದ್ದು ಭಿಕ್ಷೆಗೆ. ಕೊಡುವವನಿಗೆ ಪುಣ್ಯ, ಪಡೆಯುವವನಿಗೆ ರೊಟ್ಟಿ. ಎರಡೂ ಕಡೆ ಲಾಭವಿದ್ದ ಒಪ್ಪಂದವಿದು, ಅದಕ್ಕೇ ಶತಮಾನಗಳ ಕಾಲ ಬಾಳಿತು. ಆದರೆ ಕೊಡುವ ಹಣದ ದಾರಿಯನ್ನು ನಿರ್ಧರಿಸುತ್ತಿದ್ದವನು ಕೊಡುವವನೇ. ತನ್ನ ಆತ್ಮಕ್ಕೆ ಯಾವುದು ಹೆಚ್ಚು ಫಲ ಕೊಡುತ್ತದೋ ಅಲ್ಲಿಗೆ ಅದು ಹರಿಯುತ್ತಿತ್ತು. ಮೇಣಕ್ಕೂ ಎಲುಬಿಗೂ ಕ್ಷಮಾಪತ್ರಕ್ಕೂ ಹಸಿದವನ ಹೊಟ್ಟೆಗಿಂತ ಹೆಚ್ಚು ಫಲವಿದೆಯೆಂದು ನಂಬಿಸಿದ ದಿನ ಬಡವ ಆ ಒಪ್ಪಂದದಲ್ಲಿ ಸೋಲುತ್ತಿದ್ದ.

1517ರ ಅಕ್ಟೋಬರ್ 31ರ ಲೂಥರ್‌ನ ತೊಂಬತ್ತೈದು ಪ್ರಮೇಯಗಳಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಪೋಪನ ಅಧಿಕಾರದ ಪ್ರಶ್ನೆ. ನಡುವೆ ಇರುವ ಪ್ರಮೇಯಗಳು ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುತ್ತವೆ. ಕ್ಷಮಾಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು ಅಥವಾ ಕಷ್ಟದಲ್ಲಿರುವವನಿಗೆ ಸಾಲ ಕೊಡುವುದು ಮೇಲು ಎಂಬುದು ಅವುಗಳಲ್ಲೊಂದು. ನರಳುವವನನ್ನು ಕಂಡೂ ದಾಟಿಹೋಗಿ ಪತ್ರಕ್ಕೆ ದುಡ್ಡು ಸುರಿಯುವವನು ದೇವರ ಸಿಟ್ಟನ್ನು ಕೊಳ್ಳುತ್ತಾನೆ ಎಂಬುದು ಇನ್ನೊಂದು. ಮನೆಯ ಖರ್ಚಿಗೆ ಬೇಕಾದದ್ದನ್ನು ಇಟ್ಟುಕೊಳ್ಳಬೇಕು, ಪತ್ರಕ್ಕೆ ಪೋಲು ಮಾಡಬಾರದು ಎಂಬ ಸಂಸಾರಸ್ಥರ ಮಾತೂ ಅಲ್ಲಿದೆ. ನಂಬಿಕೆಯ ಬೋಧನೆ ಇನ್ನೂ ಪೂರ್ತಿ ಮಾಗಿರದ ಆ ಹೊತ್ತಿನಲ್ಲೇ ಅವನ ಕಣ್ಣು ಬಡವನ ಮೇಲಿತ್ತು. 1520ರಲ್ಲಿ ಬರೆದ ಸತ್ಕಾರ್ಯಗಳ ಕುರಿತ ಪುಸ್ತಕದಲ್ಲಿ, ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಕಿರುಹೊತ್ತಗೆಯಲ್ಲಿ ತರ್ಕ ಪೂರ್ಣವಾಯಿತು. ದೇವರಿಗೆ ನಮ್ಮ ಕೆಲಸಗಳಿಂದ ಆಗಬೇಕಾದದ್ದು ಏನೂ ಇಲ್ಲ. ನೆರೆಯವನಿಗೆ ಆಗಬೇಕಾದದ್ದು ಬಹಳ ಇದೆ. ರಕ್ಷಣೆಯ ಚಿಂತೆ ಕ್ರಿಸ್ತನಲ್ಲಿ ತೀರಿದವನ ಕೈಗೆ ಬಿಡುವು ಸಿಗುತ್ತದೆ. ಆ ಬಿಡುವಾದ ಕೈಯಿಂದ ನೆರೆಯವನ ಕೆಲಸ ನಡೆಯಬೇಕು. ಅದೇ ವರ್ಷ ಜರ್ಮನ್ ಶ್ರೀಮಂತರನ್ನು ಉದ್ದೇಶಿಸಿ ಬರೆದದ್ದರಲ್ಲಿ ಅವನು ಭಿಕ್ಷಾಟನೆಯೇ ನಿಲ್ಲಬೇಕು, ಪ್ರತಿ ಊರೂ ತನ್ನ ಬಡವರನ್ನು ತಾನೇ ಸಾಕಬೇಕು ಎಂದ.

ಮಾತು ಕಾಗದದಲ್ಲಿ ಉಳಿಯಲಿಲ್ಲ. 1522ರ ಜನವರಿಯಲ್ಲಿ ವಿಟೆನ್‌ಬರ್ಗಿನ ನಗರಸಭೆ ಹೊಸ ಕಟ್ಟಳೆ ಹೊರಡಿಸಿತು. ಭ್ರಾತೃಸಂಘಗಳ ನಿಧಿ, ಪೂಜೆಗಳಿಗೆಂದು ಮೀಸಲಿಟ್ಟ ದತ್ತಿ, ಎಲ್ಲವೂ ಊರೊಟ್ಟಿನ ಪೆಟ್ಟಿಗೆಗೆ ಸೇರಬೇಕು. ಅದರಿಂದ ಬಡ ಕಸುಬುದಾರರಿಗೆ ಬಡ್ಡಿಯಿಲ್ಲದ ಸಾಲ, ಅನಾಥರಿಗೂ ಬಡವರ ಹೆಣ್ಣುಮಕ್ಕಳ ಮದುವೆಗೂ ನೆರವು, ಶೇ. 5-6ರ ಬಡ್ಡಿಯಲ್ಲಿ ಸಿಕ್ಕಿಕೊಂಡವರಿಗೆ ಶೇ. 4ರಲ್ಲಿ ಸಾಲ. ಮರುವರ್ಷ ಮುಲ್ಡೆ ನದಿಯ ದಂಡೆಯ ಸಣ್ಣ ಪಟ್ಟಣ ಲೈಸ್ನಿಗ್ ಇನ್ನೂ ಮುಂದೆ ಹೋಯಿತು. ಅಲ್ಲಿಯ ಪೆಟ್ಟಿಗೆಗೆ ನಾಲ್ಕು ಬೀಗ. ಜಮೀನ್ದಾರರು, ನಗರಸಭೆ, ಪಟ್ಟಣಿಗರು, ಸುತ್ತಲ ಹಳ್ಳಿಯ ರೈತರು, ಹೀಗೆ ಒಬ್ಬೊಬ್ಬರ ಕಡೆ ಒಂದೊಂದು ಬೀಗದ ಕೈ. ನಾಲ್ವರ ಕಡೆಯವರೂ ಸೇರದೆ ಮುಚ್ಚಳ ತೆರೆಯುವಂತಿರಲಿಲ್ಲ. ಹತ್ತು ಮಂದಿ ಮೇಲ್ವಿಚಾರಕರಲ್ಲಿ ಮೂವರು ರೈತರು. ಅವರು ಭಾನುವಾರದ ಹನ್ನೊಂದರಿಂದ ಎರಡರವರೆಗೆ ಕೂತು ಅರ್ಜಿ ನೋಡಬೇಕು, ಮೂರು ಪುಸ್ತಕಗಳಲ್ಲಿ ಲೆಕ್ಕ ಇಡಬೇಕು, ವರ್ಷಕ್ಕೆ ಮೂರು ಸಲ ಊರೆಲ್ಲ ಸೇರಿದ ಸಭೆಗೆ ಓದಿ ಹೇಳಬೇಕು. ಪಾದ್ರಿಯ ಸಂಬಳ, ಶಾಲೆ, ಬಡವರ ಪೋಷಣೆ, ಬರಗಾಲಕ್ಕೆ ಕಾಳು, ಎಲ್ಲವೂ ಅದರಿಂದಲೇ. ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳಿಗೆ ಓದುಬರಹ ಕಲಿಸಲು ವಯಸ್ಸಾದ ಮರ್ಯಾದಸ್ಥ ಹೆಂಗಸೊಬ್ಬರನ್ನು ನೇಮಿಸಬೇಕೆಂದೂ ಬರೆದುಕೊಂಡರು. ಪೆಟ್ಟಿಗೆ ಸಾಲದೆ ಹೋದರೆ ಪ್ರತಿ ಮನೆಯೂ ಶಕ್ತಿಯಿದ್ದಷ್ಟು ತೆರಿಗೆ ಕೊಡಬೇಕು. ಈ ಕಟ್ಟಳೆಗೆ ಲೂಥರ್ ಮುನ್ನುಡಿ ಬರೆದು ಅಚ್ಚು ಹಾಕಿಸಿದ. ಕೊಟ್ಟವನ ಆತ್ಮಕ್ಕೆ ಏನು ಸಿಗುತ್ತದೆ ಎಂಬ ಲೆಕ್ಕಕ್ಕೆ ಇದರಲ್ಲಿ ಎಲ್ಲೂ ಎಡೆಯಿಲ್ಲ. ಲೆಕ್ಕದ ಪುಸ್ತಕ ಇದ್ದೇ ಇದೆ, ಆದರೆ ಅದು ಬೇರೆಯೇ ಪುಸ್ತಕ.

ಇದೆಲ್ಲ ಕಾಗದದ ಮೇಲಿನ ಕನಸು, ನಡೆದದ್ದೇ ಬೇರೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಲೈಸ್ನಿಗ್‌ನ ನಗರಸಭೆ ತನ್ನ ಹಿಡಿತದಲ್ಲಿದ್ದ ದತ್ತಿಗಳನ್ನು ಪೆಟ್ಟಿಗೆಗೆ ಬಿಟ್ಟುಕೊಡಲು ಒಪ್ಪಲಿಲ್ಲ. ಲೂಥರ್ ದೊರೆಗೆ ಪತ್ರ ಬರೆದು ಅಂಗಲಾಚಿದರೂ ಕೆಲಸ ಕುಂಟಿತು. ಮಠಗಳ ಆಸ್ತಿಗೆ ಕೈಹಾಕಲು ದುರಾಸೆಯವರು ಕಾದಿದ್ದಾರೆಂದು ಅವನು ಮುನ್ನುಡಿಯಲ್ಲೇ ಎಚ್ಚರಿಸಿದ್ದ; ಅನೇಕ ಕಡೆ ಆದದ್ದೂ ಅದೇ. 1528ರಿಂದ ಸ್ಯಾಕ್ಸನಿಯ ಹಳ್ಳಿಗಳ ಚರ್ಚುಗಳನ್ನು ತನಿಖೆ ಮಾಡಿ ಬಂದವನು ಕಿರು ಪ್ರಶ್ನೋತ್ತರ ಪುಸ್ತಕದ ಮುನ್ನುಡಿಯಲ್ಲಿ, ಜನ ಕಲಿತದ್ದು ಸ್ವಾತಂತ್ರ್ಯದ ದುರುಪಯೋಗವನ್ನಷ್ಟೇ ಎಂದು ನೊಂದುಕೊಂಡ. ಪೋಪನ ಕಾಲದಲ್ಲಿ ಕೈತುಂಬ ಕೊಡುತ್ತಿದ್ದವರು ಈಗ ಒಂದು ಕಾಸೂ ಬಿಚ್ಚುವುದಿಲ್ಲವೆಂದು ಅವನು ಮತ್ತೆ ಮತ್ತೆ ಗೊಣಗಿದ್ದು ದಾಖಲಾಗಿದೆ. ಭಯ ಹೋದ ಮೇಲೆ ಕೊಡುಗೆ ಬತ್ತುತ್ತದೆ ಎಂಬ ವಿರೋಧಿಗಳ ಎಣಿಕೆ ಹಾಗಾದರೆ ನಿಜವಾಯಿತೇ? ಒಂದು ಅರ್ಥದಲ್ಲಿ ಆಯಿತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬೋಧಕರ ಮುಂದಿನ ಹೆಜ್ಜೆಯನ್ನು ಗಮನಿಸಬೇಕು. ಜನ ಕೊಡುತ್ತಿಲ್ಲವೆಂದು ಅವರು ಪುಣ್ಯದ ಆಮಿಷಕ್ಕೆ ಮರಳಲಿಲ್ಲ. ಲೂಥರ್‌ನ ಗೆಳೆಯ ಬುಗೆನ್‌ಹಾಗೆನ್ 1528ರಲ್ಲಿ ಬ್ರೌನ್‌ಶ್ವೈಗ್, 1529ರಲ್ಲಿ ಹ್ಯಾಂಬರ್ಗ್, 1531ರಲ್ಲಿ ಲ್ಯೂಬೆಕ್ ನಗರಗಳಿಗೆ ಕಟ್ಟಳೆ ಬರೆದು, ಬಡವರ ಪೆಟ್ಟಿಗೆಯನ್ನು ಚರ್ಚಿನ ವೆಚ್ಚದ ಪೆಟ್ಟಿಗೆಯಿಂದ ಬೇರ್ಪಡಿಸಿದ. ಪಾದ್ರಿಯ ಸಂಬಳ ಬಡವನ ಪಾಲನ್ನು ನುಂಗದಿರಲೆಂದು. ಮನಸ್ಸು ಕೈಕೊಟ್ಟಲ್ಲಿ ಸಂಸ್ಥೆಯನ್ನು ಕಟ್ಟಿದರು. ಪಾಪಿ ಪಾಪಿಯಾಗಿಯೇ ಉಳಿಯುತ್ತಾನೆಂದು ಸಾರಿದ ಬೋಧನೆಗೆ ಜನರ ಜಿಪುಣತನ ಅನಿರೀಕ್ಷಿತವೇನೂ ಆಗಿರಲಿಲ್ಲ.

ಇತಿಹಾಸಕಾರರ ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು. ಕ್ಯಾಥೊಲಿಕರಾಗಿಯೇ ಉಳಿದ ನಗರಗಳೂ ಇಂಥದೇ ಸುಧಾರಣೆ ಮಾಡಿದವು: 1525ರಲ್ಲಿ ಫ್ಲಾಂಡರ್ಸಿನ ಈಪ್ರ್, 1534ರಲ್ಲಿ ಫ್ರಾನ್ಸಿನ ಲಿಯೋನ್. ಬಡವರ ಪೋಷಣೆಯನ್ನು ಕುರಿತು ಆ ಕಾಲದ ಪ್ರಭಾವಶಾಲಿ ಪುಸ್ತಕ ಬರೆದ ಹ್ವಾನ್ ಲೂಯಿಸ್ ವಿವೆಸ್ ಕ್ಯಾಥೊಲಿಕ್ ವಿದ್ವಾಂಸ. ಅದು 1526ರಲ್ಲಿ ಬ್ರೂಜ್ ನಗರಕ್ಕೆ ಅರ್ಪಿತವಾಯಿತು. ಲಿಯೋನ್‌ನ ದಾಖಲೆಗಳನ್ನು ಶೋಧಿಸಿದ ನತಾಲಿ ಝೆಮನ್ ಡೇವಿಸ್, ಅಲ್ಲಿ ಎರಡೂ ಪಂಥದ ಒಲವಿನವರು ಕೈಜೋಡಿಸಿದ್ದನ್ನು ತೋರಿಸಿಕೊಟ್ಟರು. ಏರುತ್ತಿದ್ದ ಬೆಲೆ, ಹಳ್ಳಿ ಬಿಟ್ಟು ಬಂದ ಜನ, ನಗರಸಭೆಗಳ ಹೊಸ ಆತ್ಮವಿಶ್ವಾಸ ಎಲ್ಲ ಕಡೆಯೂ ಕೆಲಸ ಮಾಡಿದವು. ಊರೊಟ್ಟಿನ ಪೆಟ್ಟಿಗೆಯನ್ನು ಲೂಥರ್‌ನ ಬೋಧನೆಯೊಂದೇ ಹುಟ್ಟಿಸಿತೆಂದು ನಾನೂ ಹೇಳಲಾರೆ. ಆದರೂ ಈಪ್ರ್‌ನಲ್ಲಿ ನಡೆದದ್ದು ಕಣ್ಣು ತೆರೆಸುವಂಥದು. ಅಲ್ಲಿಯ ಭಿಕ್ಷು ಸನ್ಯಾಸಿಗಳು ಹೊಸ ಯೋಜನೆಯಲ್ಲಿ ಪಾಷಂಡದ ವಾಸನೆ ಕಂಡು ದೂರಿದಾಗ ನಗರಸಭೆ ಪ್ಯಾರಿಸಿನ ದೇವಶಾಸ್ತ್ರಜ್ಞರ ಅಭಿಪ್ರಾಯ ಕೇಳಿತು. 1531ರಲ್ಲಿ ಅವರು ಯೋಜನೆಯನ್ನು ಮೆಚ್ಚಿಯೇ ಷರತ್ತು ಹಾಕಿದರು: ಚರ್ಚಿನ ಆಸ್ತಿ ಮುಟ್ಟಬಾರದು, ಭಿಕ್ಷು ಸನ್ಯಾಸಿಗಳನ್ನು ಬೇಡದಂತೆ ತಡೆಯಬಾರದು. ಬೇಡುವುದು ತಪಸ್ಸು, ನೀಡುವುದು ಪುಣ್ಯ ಎಂಬ ನಂಬಿಕೆ ನಿಂತಿರುವತನಕ ಸುಧಾರಣೆ ಒಂದು ಗೆರೆಯ ಬಳಿ ನಿಲ್ಲಬೇಕಾಗಿತ್ತು. ವಿಟೆನ್‌ಬರ್ಗಿನಲ್ಲಿ ಅಳಿಸಿಹೋದದ್ದು ಆ ಗೆರೆ.

ನನ್ನ ವಾದವನ್ನು ನಿಜವಾಗಿ ಪರೀಕ್ಷೆಗೆ ಒಡ್ಡುವುದು ಆಗ್ಸ್‌ಬುರ್ಗಿನ ಫುಗ್ಗರೈ. ಆಲ್ಬ್ರೆಕ್ಟ್‌ಗೆ ಸಾಲ ಕೊಟ್ಟ ಯಾಕೋಬ್ ಫುಗ್ಗರನೇ ಬಡ ದುಡಿಮೆಗಾರರಿಗಾಗಿ ಕಟ್ಟಿಸಿದ ಮನೆಗಳ ಕೇರಿ ಅದು. 1521ರ ದತ್ತಿಪತ್ರದ ಪ್ರಕಾರ ಬಾಡಿಗೆ ವರ್ಷಕ್ಕೆ ಒಂದು ಗುಲ್ಡನ್, ಜತೆಗೆ ದಿನವೂ ಫುಗ್ಗರ್ ಮನೆತನಕ್ಕಾಗಿ ಪ್ರಾರ್ಥನೆ. ಐದು ಶತಮಾನ ಕಳೆದರೂ ಅಲ್ಲಿ ಜನ ವಾಸವಾಗಿದ್ದಾರೆ, ಬಾಡಿಗೆ ಇಂದಿಗೂ ಒಂದು ಯೂರೋ ಮುಟ್ಟಿಲ್ಲ. ಪುಣ್ಯಕ್ಕಾಗಿ ಕೊಟ್ಟದ್ದು ಉಳಿಯಿತು, ನಂಬಿಕೆಯಿಂದ ಕಟ್ಟಿದ ಲೈಸ್ನಿಗ್‌ನ ಪೆಟ್ಟಿಗೆ ಮೊದಲ ವರ್ಷವೇ ಮುಗ್ಗರಿಸಿತು. ಯಾವುದು ಹೆಚ್ಚು ಬಾಳಿತು ಎಂಬುದೇ ಅಳತೆಗೋಲಾದರೆ ಫುಗ್ಗರ್ ಗೆದ್ದ. ಪ್ರಾರ್ಥಿಸಲು ಒಪ್ಪುವ ಕ್ಯಾಥೊಲಿಕ್ ಬಡವನಿಗೆ ಮಾತ್ರ ಆ ಬಾಗಿಲು ತೆರೆಯುತ್ತಿತ್ತು ಎಂದು ಉತ್ತರಿಸಬಹುದು; ಲೈಸ್ನಿಗ್‌ನಲ್ಲಿ ಬಡವನಿಂದ ಬಯಸಿದ ಪ್ರತಿಫಲ ಯಾವುದೂ ಇರಲಿಲ್ಲ, ಹೊರಗಿನಿಂದ ಬಂದು ನೆಲೆಸಿದವನಿಗೂ ನೆರವಿತ್ತು. ಆದರೆ ಈ ಉತ್ತರದೊಳಗೇ ಒಂದು ನಷ್ಟ ಅಡಗಿದೆ, ನನಗೆ ಅದು ನೋವಿನ ಸಂಗತಿ. ಫುಗ್ಗರೈನ ಮುದುಕಿಯ ಪ್ರಾರ್ಥನೆಗೆ ಬೆಲೆಯಿತ್ತು. ಊರಿನ ಅತಿ ದೊಡ್ಡ ಸಾಹುಕಾರನಿಗೆ ಅವಳಿಂದ ಬೇಕಾದದ್ದೊಂದು ಇತ್ತು, ಅವಳು ಬರಿಗೈಯವಳಾಗಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಬಡವ ಅರ್ಜಿದಾರನಾದ. ಅವನು ನಿಜಕ್ಕೂ ಬಡವನೇ, ದುಡಿಯಬಲ್ಲವನೇ ಎಂದು ವಿಚಾರಣೆ ಶುರುವಾಯಿತು. ಪರವೂರಿನ ಭಿಕ್ಷುಕನನ್ನು ಊರ ಬಾಗಿಲಿನಿಂದಲೇ ಅಟ್ಟಿದರು. ದೇವರ ಮುಂದೆ ಎಲ್ಲರೂ ಬೇಡುವವರೇ ಎಂದು ಕಲಿಸಿದ ಬೋಧನೆ ಬೀದಿಯ ಬೇಡುವವನನ್ನು ಇನ್ನಷ್ಟು ಗೌರವದಿಂದ ಕಾಣಬೇಕಿತ್ತು. ಆ ಸೋಲನ್ನು ಬೋಧನೆಯ ಮೇಲೆ ಹೊರಿಸದಿದ್ದರೂ ಬೋಧಿಸಿದವರ ಮೇಲೆ ಹೊರಿಸಲೇಬೇಕು.

ಈ ಬೋಧನೆಗೆ ಎದುರಾಗಿ ಬೈಬಲಿನ ಯಾಕೋಬನ ಪತ್ರಿಕೆಯನ್ನು ಎತ್ತುವವರಿಗೆ ಚುಟುಕಾಗಿ ಹೇಳಬಹುದು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಆ ಪತ್ರಿಕೆಯನ್ನು ಲೂಥರ್ 1522ರ ತನ್ನ ಹೊಸ ಒಡಂಬಡಿಕೆಯಲ್ಲಿ ಕೊನೆಯ ಸಾಲಿಗೆ ತಳ್ಳಿದ; ಅದು ಅವನ ದುಡುಕು. ಪೌಲನೂ ಯಾಕೋಬನೂ ಸಾಕ್ಷಿಗೆ ಕರೆಯುವುದು ಒಬ್ಬನೇ ಅಬ್ರಹಾಮನನ್ನು. ದೇವರ ವಾಗ್ದಾನವನ್ನು ನಂಬಿದ ಗಳಿಗೆಯನ್ನು ಪೌಲ ಹಿಡಿದರೆ, ಮಗನನ್ನು ಯಜ್ಞವೇದಿಯ ಬಳಿಗೆ ಕರೆದೊಯ್ದ ಗಳಿಗೆಯನ್ನು ಯಾಕೋಬ ಹಿಡಿದ. ರಕ್ಷಣೆ ಎಲ್ಲಿಂದ ಬರುತ್ತದೆ ಎಂಬುದು ಒಬ್ಬನ ಪ್ರಶ್ನೆ, ಬಂದದ್ದು ಹೇಗೆ ಗೊತ್ತಾಗುತ್ತದೆ ಎಂಬುದು ಇನ್ನೊಬ್ಬನದು. ರೋಮ್ ಕೂಡ ಸುಮ್ಮನೆ ಕೂರಲಿಲ್ಲ. ಟ್ರೆಂಟ್ ಮಹಾಸಭೆ 1547ರಲ್ಲಿ ನಂಬಿಕೆಯೊಂದೇ ಸಾಕೆಂಬ ಬೋಧನೆಯನ್ನು ಖಂಡಿಸಿತಾದರೂ, ಮನುಷ್ಯನ ಯಾವ ಕೆಲಸವೂ ಮೊದಲ ಕೃಪೆಯನ್ನು ಗಳಿಸಲಾರದೆಂದು ಸ್ಪಷ್ಟವಾಗಿ ಬರೆಯಿತು. 1562ರಲ್ಲಿ ಕ್ಷಮಾಪತ್ರದ ಹಣ ಎತ್ತುವವರ ಹುದ್ದೆಯನ್ನೇ ತೆಗೆಯಿತು. 1567ರಲ್ಲಿ ಪೋಪ್ ಐದನೆಯ ಪಿಯುಸ್ ಹಣಕ್ಕೆ ಅಂಟಿಕೊಂಡ ದಂಡಮನ್ನಾಗಳನ್ನು ರದ್ದು ಮಾಡಿದ. ವ್ಯಾಪಾರದ ವಿಷಯದಲ್ಲಂತೂ ಎರಡೂ ಕಡೆಯವರ ತೀರ್ಪು ಐವತ್ತು ವರ್ಷಗಳಲ್ಲಿ ಒಂದೇ ಆಯಿತು.

ಈ ಬೋಧನೆ ಕರಾವಳಿಗೂ ಬಂತು. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಷನ್ನಿನ ಹೆಬಿಕ್, ಲೆನರ್, ಗ್ರೈನರ್ ನಂಬಿಕೆಯಿಂದಲೇ ರಕ್ಷಣೆ ಎಂಬ ಸಂದೇಶವನ್ನು ಹೊತ್ತು ತಂದವರು. ಅವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಬಹಳ ಮಂದಿ ಜಾತಿಯಿಂದ, ಅದರೊಂದಿಗೆ ಕಸುಬು ಗೇಣಿಗಳಿಂದ ಹೊರಬಿದ್ದರು. ಲೈಸ್ನಿಗ್‌ನವರ ಮುಂದಿದ್ದ ಪ್ರಶ್ನೆ ಇಲ್ಲಿ ತಿರುಗುಮುರುಗಾಯಿತು. ಅಲ್ಲಿ ದಾನ ಕೊಟ್ಟು ರಕ್ಷಣೆ ಕೊಳ್ಳುವವರನ್ನು ತಡೆಯಬೇಕಿತ್ತು. ಇಲ್ಲಿ ಅನ್ನಕ್ಕಾಗಿ ನಂಬಿಕೆ ತೋರಿಸುವವರು ಹುಟ್ಟಿಕೊಂಡಾರೆಂಬ ಭಯ, ಅನ್ನದ ಆಸೆ ತೋರಿಸಿ ಜನರನ್ನು ಸೆಳೆಯುತ್ತಾರೆಂಬ ಆಪಾದನೆ. ಕೃಪೆ ಉಚಿತವಾಗಿರಬೇಕಾದರೆ ನೆರವು ಅದರ ಬೆಲೆಯೂ ಆಗಬಾರದು, ಆಮಿಷವೂ ಆಗಬಾರದು. ಕೈಗೆ ಬರೀ ದಾನ ಹಾಕುವುದನ್ನು ಬಿಟ್ಟು ಮಿಷನ್ ಮಗ್ಗ ಹಾಕಿತು. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಸುಧಾರಿಸಿದ, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಕಾರ್ಖಾನೆಯ ಕೂಲಿಗೂ ಚರ್ಚಿನ ಸದಸ್ಯತ್ವಕ್ಕೂ ಗಂಟು ಬಿಡಿಸುವುದು ಅವರಿಗೂ ಸುಲಭವಾಗಿರಲಿಲ್ಲ. ಸುವಾರ್ತೆ ಸಾರಲು ಬಂದವರು ಕಾರ್ಖಾನೆ ನಡೆಸುವುದು ಸರಿಯೇ ಎಂಬ ಚರ್ಚೆ ಮಿಷನ್ನಿನೊಳಗೆ ದಶಕಗಳ ಕಾಲ ನಡೆಯಿತು.